ಸೋಲಾರ್ ಪ್ಯಾನೆಲ್ ಹಾಕಿದ ಮೇಲೆ ವ್ಯಾನ್ ಸೋರುತ್ತಿದೆಯಾ?

ವ್ಯಾನಿನ ಚಾವಣಿಗೆ ಸ್ಕ್ರೂ ಹೊಡೆದು ಪ್ಯಾನೆಲ್ ಕೂರಿಸಿ, ಬಾತ್‌ರೂಮ್ ಸಿಲಿಕಾನ್ ಹಚ್ಚಿದರೂ ಒಳಗೆ ನೀರು ಸೋರುತ್ತಿದೆ ಎಂದು ಬರೆದಿದ್ದೀರಿ. ನೀರು ಬರುತ್ತಿರುವುದು ಬಹುಶಃ ಸ್ಕ್ರೂ ತೂತುಗಳಿಂದಲೇ. ಆ ಸಿಲಿಕಾನ್ ಓಡುವ ವ್ಯಾನಿನ ಅಲುಗಾಟಕ್ಕೆ ಬಿಟ್ಟುಕೊಳ್ಳುತ್ತದೆ. ಅದರ ಮೇಲೆ ಸುಮ್ನೆ ಇನ್ನೊಂದು ಪದರ ಬಳಿಯಬೇಡಿ. ಅಡಿಯಲ್ಲಿ ನೀರು ಉಳಿದರೆ ನಿಮ್ಮೂರು ಉಪ್ಪಳದ ಕಡಲಗಾಳಿಗೆ ಚಾವಣಿಯ ತಗಡು ಬೇಗ ತುಕ್ಕು ಹಿಡಿಯುತ್ತದೆ, ಅಲ್ವಾ?

ಪ್ಯಾನೆಲ್‌ಗೆ ದಪ್ಪ ಬಟ್ಟೆ ಮುಚ್ಚಿ. ಕಂಟ್ರೋಲರ್‌ನಿಂದ (ಪ್ಯಾನೆಲ್ ಮತ್ತು ಬ್ಯಾಟರಿ ನಡುವಿನ ಚಾರ್ಜಿಂಗ್ ಪೆಟ್ಟಿಗೆ) ಮೊದಲು ಪ್ಯಾನೆಲ್ ವೈರು, ಆಮೇಲೆ ಬ್ಯಾಟರಿ ವೈರು ತೆಗೆಯಿರಿ. ಈ ಕ್ರಮ ತಪ್ಪಬಾರದು. ನಂತರ ಪ್ಯಾನೆಲ್ ಹಿಡಿದಿರುವ ಬ್ರಾಕೆಟ್ ಬಿಚ್ಚಿ, ಹಳೆ ಸಿಲಿಕಾನ್ ಚೂರೂ ಉಳಿಯದಂತೆ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ತೂತಿನ ಅಂಚಿಗೆ ತುಕ್ಕು ತಡೆಯುವ ಪ್ರೈಮರ್ ಹಚ್ಚಿ ಒಣಗಿಸಿ. ಬ್ರಾಕೆಟ್ ಅಡಿಗೆ ಬ್ಯುಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರ್ ಪಟ್ಟಿ) ಇಟ್ಟು, ತುಕ್ಕು ಸುಲಭವಾಗಿ ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಅದರ ತಲೆಗೆ ಬಾಗುವ ಗುಣದ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ.

ವೈರು ಒಳಗಿಳಿಯುವ ತೂತಿನ ಬಗ್ಗೆ ನೀವು ಬರೆದಿಲ್ಲ. ಅಲ್ಲೂ ಸೋರುತ್ತಿರಬಹುದು. ಸೀಲೆಂಟ್ ಪೂರ್ತಿ ಗಟ್ಟಿಯಾದ ಮೇಲೆ ಪೈಪಿನಿಂದ ನೀರು ಬಿಟ್ಟು ಒಳಗಿನಿಂದ ನೋಡಿ.