ಸ್ಟಾರ್ ಬಂದಾಯ್ತು, ರಿಬೌಂಡ್ ಹಿಡಿಯೋರು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಬಗ್ಗೆಯೇ. ಯಾವ ತಂಡ ಯಾರನ್ನು ತಂತು, ಯಾರನ್ನು ಬಿಟ್ಟಿತು, ಇನ್ನು ಯಾರು ಬರಬಹುದು. ಆಟವೇ ಇಲ್ಲದ 2025ರ ಆಗಸ್ಟ್‌ನಲ್ಲಿ ಇಷ್ಟೊಂದು ಜಗಳ! ಕೆಲವು ಪತ್ರಗಳಿಗೆ ಮಾತ್ರ ಇಲ್ಲಿ ಜಾಗ ಸಿಕ್ಕಿದೆ.

ಪ್ರ: ನಾನು ಲೇಕರ್ಸ್ ಅಭಿಮಾನಿ. ಲೂಕಾ ಡಾನ್ಚಿಚ್ ಹೊಸ ಕರಾರಿಗೆ ಸಹಿ ಹಾಕಿದ. ಲೆಬ್ರಾನ್ ಇನ್ನೂ ಇದ್ದಾನೆ. ಇನ್ನೊಬ್ಬ ಸೂಪರ್‌ಸ್ಟಾರ್ ಬಂದರೆ 2026ರ ಕಪ್ ನಮ್ಮದೇ ಅಲ್ವಾ? ಕಾಲೇಜಿನಲ್ಲಿ ಬೆಟ್ ಕಟ್ಟಿದ್ದೇನೆ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಮುಲುಂಡ್

ಉ: ಬೆಟ್ ವಾಪಸ್ ತಗೋ ತಮ್ಮಾ. ಏಪ್ರಿಲ್‌ನಲ್ಲಿ ಮಿನ್ನೆಸೋಟ ನಿಮ್ಮವರನ್ನು 4-1ರಿಂದ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿತಲ್ಲ, ಆ ಸರಣಿಯ ನಾಲ್ಕನೇ ಪಂದ್ಯ ನೋಡಿದ್ದೆಯಾ? ಕೋಚ್ ಜೆ.ಜೆ. ರೆಡಿಕ್ ಎರಡನೇ ಅರ್ಧ ಪೂರ್ತಿ ಐದೇ ಜನರನ್ನು ಆಡಿಸಿದ. ಲೂಕಾ, ಲೆಬ್ರಾನ್, ರೀವ್ಸ್, ಹಚಿಮುರಾ, ಫಿನ್ನಿ-ಸ್ಮಿತ್. 24 ನಿಮಿಷದಲ್ಲಿ ಒಂದೇ ಒಂದು ಬದಲಾವಣೆ ಇಲ್ಲ. ಕೊನೆಯ ಕ್ವಾರ್ಟರ್ ಶುರುವಾದಾಗ ಮುಂದಿದ್ದವರು 116-113ಕ್ಕೆ ಸೋತರು. ಲೆಬ್ರಾನ್‌ಗೆ ಆಗ 40 ವರ್ಷ. ಕಾಲು ಓಡಬೇಕಲ್ಲ?

ರೆಡಿಕ್‌ನನ್ನು ಎಲ್ಲರೂ ಬೈದರು. ನಾನು ಬೈಯುವುದಿಲ್ಲ. ಬೆಂಚ್ ಕಡೆ ತಿರುಗಿ ನೋಡಿದರೆ ನಂಬಿ ಇಳಿಸುವಂಥವರು ಯಾರೂ ಇರಲಿಲ್ಲ, ಪಾಪ ಏನು ಮಾಡ್ತಾನೆ?

ಐದನೇ ಪಂದ್ಯ ಇನ್ನೂ ಚೆನ್ನಾಗಿದೆ. ಮಿನ್ನೆಸೋಟ ಮೂರು ಪಾಯಿಂಟ್ ಶಾಟ್‌ಗಳನ್ನು 47 ಸಲ ಎಸೆದು ಬರೀ 7 ಹಾಕಿತು. ಅಂಥ ದಿನ ಯಾವ ತಂಡವಾದರೂ ಸೋಲಬೇಕು. ಆದರೆ ಗೆದ್ದಿತು. ಯಾಕೆ ಅಂದರೆ ರೂಡಿ ಗೋಬೇರ್ 24 ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ಹಿಡಿದ, ಜೊತೆಗೆ 27 ಪಾಯಿಂಟ್. ಅವನ ಎದುರು ನಿಲ್ಲೋದಕ್ಕೆ ಲೇಕರ್ಸ್ ಹತ್ತಿರ ಸರಿಯಾದ ಸೆಂಟರ್, ಅಂದರೆ ಬುಟ್ಟಿ ಹತ್ತಿರ ನಿಲ್ಲುವ ಎತ್ತರದವನು, ಇರಲಿಲ್ಲ. ಫೆಬ್ರವರಿಯಲ್ಲಿ ಲೂಕಾನಿಗಾಗಿ ಆಂಥೊನಿ ಡೇವಿಸ್‌ನನ್ನು ಡಲ್ಲಾಸ್‌ಗೆ ಕೊಟ್ಟಿದ್ದರು. ಆ ಜಾಗಕ್ಕೆ ಶಾರ್ಲೆಟ್‌ನಿಂದ ಮಾರ್ಕ್ ವಿಲಿಯಮ್ಸ್ ಬರಬೇಕಿತ್ತು. ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಲಿಲ್ಲ ಅಂತ ಲೇಕರ್ಸ್‌ನವರೇ ಆ ಟ್ರೇಡ್ (ಆಟಗಾರರ ಅದಲುಬದಲು) ರದ್ದು ಮಾಡಿದರು. ಸ್ಟಾರ್ ಬಂದ, ಸೆಂಟರ್ ಹೋದ. ಅಷ್ಟೇ ಕಥೆ.

ಹಾಗಾಗಿ ಈ ಬೇಸಿಗೆಯಲ್ಲಿ ನಿನಗೆ ಖುಷಿ ಆಗಬೇಕಾದ್ದು ಡಿಆಂಡ್ರೆ ಏಟನ್ ಬಂದದ್ದಕ್ಕೆ. ಪೋರ್ಟ್‌ಲೆಂಡ್ ಅವನನ್ನು ಬಿಟ್ಟುಕೊಟ್ಟಿತು, ಲೇಕರ್ಸ್ ಎತ್ತಿಕೊಂಡಿತು. 2018ರ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುವುದು) ಅವನು ಒಂದನೇ ಆಯ್ಕೆ, ಲೂಕಾ ಮೂರನೇ ಆಯ್ಕೆ. ಈಗ ಒಂದನೆಯವನು ಮೂರನೆಯವನಿಗೆ ಸ್ಕ್ರೀನ್ ಹಾಕಬೇಕು, ಅಂದರೆ ಎದುರಾಳಿಗೆ ಅಡ್ಡ ನಿಂತು ದಾರಿ ಬಿಡಿಸಿಕೊಡಬೇಕು, ನೋಡು ಕಾಲ! ಮಾರ್ಕಸ್ ಸ್ಮಾರ್ಟ್ ಕೂಡ ಬಂದಿದ್ದಾನೆ. 2022ರಲ್ಲಿ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಪಡೆದವನು. ಆದರೆ ಫಿನ್ನಿ-ಸ್ಮಿತ್ ಹ್ಯೂಸ್ಟನ್‌ಗೆ ಹೋದ. ಅದು ದೊಡ್ಡ ನಷ್ಟ. ಪತ್ರ ಬರೆದ ಲೇಕರ್ಸ್ ಅಭಿಮಾನಿಗಳಲ್ಲಿ ಒಬ್ಬರೂ ಅವನ ಹೆಸರು ಎತ್ತಿಲ್ಲ.

ಇನ್ನು ಮೂರನೇ ಸೂಪರ್‌ಸ್ಟಾರ್ ವಿಷಯ. 2003ರ ಬೇಸಿಗೆಯಲ್ಲಿ ಇದೇ ಲೇಕರ್ಸ್‌ಗೆ ಕಾರ್ಲ್ ಮೆಲೋನ್, ಗ್ಯಾರಿ ಪೇಟನ್ ಇಬ್ಬರೂ ಸಂಬಳ ಕಡಿಮೆ ಮಾಡಿಕೊಂಡು ಬಂದರು. ಶಕೀಲ್ ಓನೀಲ್, ಕೋಬಿ ಮೊದಲೇ ಇದ್ದರು. ನಾಲ್ಕು ದೊಡ್ಡ ಹೆಸರು. 2004ರ ಫೈನಲ್‌ನಲ್ಲಿ ಡೆಟ್ರಾಯಿಟ್ 4-1ರಿಂದ ಹೊಡೆಯಿತು. ಡೆಟ್ರಾಯಿಟ್‌ನ ಸೆಂಟರ್ ಬೆನ್ ವಾಲೇಸ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ಕೇಳಿಯೇ ಇರಲಿಲ್ಲ. 2010ರಲ್ಲಿ ಮಯಾಮಿ ಮೂವರು ಸ್ಟಾರ್‌ಗಳನ್ನು ಸೇರಿಸಿ ಗೆದ್ದಿತಲ್ಲ ಅಂತ ನೀನು ಕೇಳಬಹುದು. ಹೌದು, 2012 ಮತ್ತು 2013ರಲ್ಲಿ ಗೆದ್ದರು. ಆದರೆ ಮೊದಲ ವರ್ಷವೇ ಡಲ್ಲಾಸ್ ಕೈಲಿ ಸೋತಿದ್ದರು. ಆಗಿನ ನಿಯಮ ಬೇರೆ, ಈಗಿನದು ಬೇರೆ. ಅದು ಮುಂದಿನ ಪ್ರಶ್ನೆಯಲ್ಲಿದೆ.

ಪ್ರ: ನಮ್ಮ ಹೋಟೆಲಿನಲ್ಲಿ ಒಳ್ಳೆಯ ದೋಸೆ ಮಾಡುವವನು ಬೇಕು ಅಂದರೆ ಪಕ್ಕದ ಹೋಟೆಲಿಗಿಂತ ಜಾಸ್ತಿ ಸಂಬಳ ಕೊಟ್ಟು ಕರೆತರುತ್ತೇವೆ. ಲೇಕರ್ಸ್ ಈಗ ಸಾವಿರ ಕೋಟಿ ಡಾಲರ್ ಲೆಕ್ಕದಲ್ಲಿ ಮಾರಾಟವಾಗುತ್ತಿದೆ ಅಂತ ಮಗ ಹೇಳಿದ. ಅಷ್ಟು ದುಡ್ಡಿರುವವರು ಎಲ್ಲರನ್ನೂ ಯಾಕೆ ಕೊಳ್ಳುವುದಿಲ್ಲ?
– ಹೋಟೆಲ್ ಮಾಲೀಕರು, ಥಾಣೆ

ಉ: ದುಡ್ಡಿದೆ ಸ್ವಾಮಿ, ಕೊಳ್ಳಲು ಬಿಡೋದಿಲ್ಲ. ಐಪಿಎಲ್‌ನಲ್ಲಿ 2025ರ ತಂಡಕ್ಕೆ 120 ಕೋಟಿ ರೂಪಾಯಿಯ ಮಿತಿ ಇತ್ತು. ಅದು ಮುಗಿದರೆ ಮುಗಿಯಿತು. ಎನ್‌ಬಿಎ ಲೆಕ್ಕ ಸ್ವಲ್ಪ ಕಿರಿಕಿರಿ. 2025-26ಕ್ಕೆ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳದ ಮಿತಿ, ಸುಮಾರು 15 ಕೋಟಿ 46 ಲಕ್ಷ ಡಾಲರ್. ಇದನ್ನು ದಾಟಬಹುದು, ಆದರೆ ಹೊರಗಿನ ದೊಡ್ಡ ಆಟಗಾರನನ್ನು ನೇರವಾಗಿ ಕೊಳ್ಳಲು ದಾಟುವಂತಿಲ್ಲ. ನಿಮ್ಮಲ್ಲೇ ಮೂರು ವರ್ಷ ಆಡಿದವನನ್ನು ಉಳಿಸಿಕೊಳ್ಳಲು ದಾಟಬಹುದು. ಇದಕ್ಕೆ ಬಾಸ್ಟನ್‌ನ ಲ್ಯಾರಿ ಬರ್ಡ್ ಹೆಸರಿನಲ್ಲಿ ಬರ್ಡ್ ರೈಟ್ಸ್ ಅಂತಾರೆ.

ಸುಮಾರು 18 ಕೋಟಿ 79 ಲಕ್ಷ ದಾಟಿದರೆ ಲಕ್ಸುರಿ ಟ್ಯಾಕ್ಸ್. ಇದಕ್ಕೆ ಶ್ರೀಮಂತ ಮಾಲೀಕರು ಹೆದರುತ್ತಿರಲಿಲ್ಲ, ಚೆಕ್ ಬರೆದು ಸುಮ್ಮನಾಗುತ್ತಿದ್ದರು. ಅದಕ್ಕೇ 2023ರ ಒಪ್ಪಂದದಲ್ಲಿ ಸೆಕೆಂಡ್ ಏಪ್ರನ್ ಅನ್ನೋ ಇನ್ನೊಂದು ಗೆರೆ ಎಳೆದರು. 2025-26ಕ್ಕೆ ಅದು ಸುಮಾರು 20 ಕೋಟಿ 78 ಲಕ್ಷ. ಅದನ್ನು ದಾಟಿದರೆ ದಂಡ ಬರೀ ದುಡ್ಡಿನದಲ್ಲ, ಕೈ ಕಟ್ಟುತ್ತಾರೆ. ಇಬ್ಬರು ಆಟಗಾರರ ಸಂಬಳ ಒಟ್ಟು ಸೇರಿಸಿ ಒಬ್ಬ ದೊಡ್ಡವನನ್ನು ಟ್ರೇಡ್‌ನಲ್ಲಿ ತರುವಂತಿಲ್ಲ. ಟ್ರೇಡ್ ಜೊತೆಗೆ ನಗದು ಕೊಡುವಂತಿಲ್ಲ. ಏಳು ವರ್ಷ ಆಚೆಗಿನ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನು ಮಾರುವಂತಿಲ್ಲ.

ಫೀನಿಕ್ಸ್ ನೋಡಿ. ಡುರಾಂಟ್, ಬುಕರ್, ಬೀಲ್ ಮೂವರನ್ನು ಇಟ್ಟುಕೊಂಡು ಲೀಗ್‌ನಲ್ಲೇ ಅತಿ ಹೆಚ್ಚು ಸಂಬಳ ಕೊಟ್ಟಿತು. 2024-25ರಲ್ಲಿ 36 ಗೆಲುವು, 46 ಸೋಲು, ಪ್ಲೇಆಫ್ ಕೂಡ ಇಲ್ಲ. ಬೀಲ್‌ನ ಕರಾರಿನಲ್ಲಿ ಅವನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಅಂತ ಷರತ್ತಿತ್ತು. ಹೋಗು ಅಂದರೂ ಹೋಗಲ್ಲ! ಕೊನೆಗೆ 2025ರ ಜುಲೈನಲ್ಲಿ ಡುರಾಂಟ್‌ನನ್ನು ಹ್ಯೂಸ್ಟನ್‌ಗೆ ಕಳಿಸಿದರು, ಬೀಲ್‌ನ ಕರಾರನ್ನೇ ಮುರಿದುಕೊಂಡರು. 2024ರ ಚಾಂಪಿಯನ್ ಬಾಸ್ಟನ್ ಕೂಡ ಹಾಲಿಡೇ, ಪೊರ್ಜಿಂಗಿಸ್ ಇಬ್ಬರನ್ನೂ ಬಿಟ್ಟುಕೊಟ್ಟಿತು. ಆಟ ಬರಲ್ಲ ಅಂತಲ್ಲ, ಆ ಗೆರೆಯ ಕೆಳಗೆ ಇಳಿಯಬೇಕಿತ್ತು.

ಹೋಟೆಲ್ ಲೆಕ್ಕದಲ್ಲೇ ಹೇಳ್ತೀನಿ. ದೋಸೆಯವನಿಗೇ ಸಂಬಳದ ದುಡ್ಡೆಲ್ಲ ಕೊಟ್ಟು, ಹಿಟ್ಟು ರುಬ್ಬುವವನನ್ನೂ ಲೋಟ ತೊಳೆಯುವ ಹುಡುಗನನ್ನೂ ಮನೆಗೆ ಕಳಿಸಿದರೆ ಭಾನುವಾರ ಬೆಳಿಗ್ಗೆ ಗಲ್ಲಾದಲ್ಲಿ ಕೂರಲು ಧೈರ್ಯ ಬರುತ್ತಾ ನಿಮಗೆ?

ಪ್ರ: ಜುಲೈ 1ರಂದು ಮಗ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಮೊಬೈಲ್ ಹಿಡಿದು ಕೂತ. ಪಂದ್ಯ ಇಲ್ಲವಂತೆ, ಬರೀ ಸುದ್ದಿಯಂತೆ. ಇದೇನು ಕಾಯಿಲೆ?
– ಗೃಹಿಣಿ, ಡೊಂಬಿವಲಿ

ಉ: ಅಲ್ಲಿ ಜೂನ್ 30ರ ಸಂಜೆ ಆರಕ್ಕೆ ಬೇರೆ ತಂಡದ ಆಟಗಾರರ ಜೊತೆ ಮಾತುಕತೆ ಶುರುವಾಗುತ್ತೆ ತಾಯಿ. ನಮಗೆ ಅದು ಬೆಳಗಿನ ಜಾವ ಮೂರೂವರೆ. ಬಹಳಷ್ಟು ಸಹಿಗಳು ಜುಲೈ 6ರ ತನಕ ಅಧಿಕೃತ ಆಗುವುದೇ ಇಲ್ಲ. ಆರಾಮಾಗಿ ಏಳು ಗಂಟೆಗೆ ಎದ್ದರೂ ಸುದ್ದಿ ಎಲ್ಲೂ ಓಡಿಹೋಗಲ್ಲ ಅಂತ ಹೇಳಿ. ಕೇಳಲ್ಲ ಬಿಡಿ. ನಮ್ಮ ಮನೆಯಲ್ಲೂ ಅದೇ ಹೊತ್ತಿಗೆ ದೀಪ ಉರಿಯುತ್ತಿತ್ತು.

ಪ್ರ: ಡ್ರಾಫ್ಟ್‌ನಲ್ಲಿ ಹುಡುಗರನ್ನು ತಗೊಂಡು ಬೆಳೆಸುವುದು ಒಳ್ಳೆಯದಾ, ತಯಾರಾದವರನ್ನು ತರುವುದಾ? ಒಕ್ಲಹೋಮಾ ಗೆದ್ದ ಮೇಲೆ ನಮ್ಮ ಆಫೀಸಿನಲ್ಲಿ ಎಲ್ಲರೂ ಡ್ರಾಫ್ಟ್ ಡ್ರಾಫ್ಟ್ ಅಂತಿದ್ದಾರೆ.
– ಬಂದರು ಉದ್ಯೋಗಿ, ವಾಸ್ಕೋ, ಗೋವಾ

ಉ: ಒಕ್ಲಹೋಮಾ ಗೆದ್ದದ್ದು ಬರೀ ಡ್ರಾಫ್ಟ್‌ನಿಂದ ಅಲ್ಲ, ಒಂದು ಒಳ್ಳೆಯ ಮಾರಾಟದಿಂದ. 2019ರ ಜುಲೈನಲ್ಲಿ ಕ್ಲಿಪ್ಪರ್ಸ್‌ಗೆ ಕವಾಯ್ ಲೆನಾರ್ಡ್ ಬರುತ್ತೇನೆ ಅಂದ, ಜೊತೆಗೆ ಪಾಲ್ ಜಾರ್ಜ್ ಬೇಕು ಅಂದ. ಜಾರ್ಜ್ ಇದ್ದದ್ದು ಒಕ್ಲಹೋಮಾದಲ್ಲಿ. ಎದುರಿನವರ ಗರಜು ಗೊತ್ತಾದ ಮೇಲೆ ಬೆಲೆ ಏರಿಸದವನು ವ್ಯಾಪಾರಿಯೇ ಅಲ್ಲ. ಒಕ್ಲಹೋಮಾ ಐದು ಮೊದಲ ಸುತ್ತಿನ ಆಯ್ಕೆಗಳನ್ನು ತಗೊಂಡಿತು, ಜೊತೆಗೆ ಒಂದೇ ವರ್ಷ ಆಡಿದ್ದ ಒಬ್ಬ ತೆಳ್ಳಗಿನ ಹುಡುಗನನ್ನೂ ಕೇಳಿತು. ಆ ಹುಡುಗ ಶೈ ಗಿಲ್ಜಿಯಸ್-ಅಲೆಕ್ಸಾಂಡರ್, 2025ರ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ. ಆ ಆಯ್ಕೆಗಳಲ್ಲಿ ಒಂದರಿಂದ 2022ರಲ್ಲಿ ಜೇಲನ್ ವಿಲಿಯಮ್ಸ್ ಬಂದ, 12ನೇ ನಂಬರ್.

ಮಧ್ಯದಲ್ಲಿ ಅವರು ಏನು ಅನುಭವಿಸಿದರು ಅಂತ ನಿಮ್ಮ ಆಫೀಸಿನವರಿಗೆ ನೆನಪಿದೆಯಾ? 2020-21ರಲ್ಲಿ 22 ಗೆಲುವು, ಮರುವರ್ಷ 24. ಎರಡು ವರ್ಷ ಒದೆ ತಿಂದರು. ಹಾಗೆ ಸೋಲುವುದನ್ನು ಸಹಿಸುವ ಅಭಿಮಾನಿಗಳು ಮುಂಬೈಯಲ್ಲಿ ಇಲ್ಲ, ಗೋವಾದಲ್ಲೂ ಇರಲಿಕ್ಕಿಲ್ಲ. ಆಮೇಲೆ 2024ರಲ್ಲಿ ತಯಾರಾದವರನ್ನೂ ತಂದರು. ಟ್ರೇಡ್‌ನಲ್ಲಿ ಕರುಸೊ, ಕರಾರಿನಲ್ಲಿ ಹಾರ್ಟೆನ್‌ಸ್ಟೈನ್. ಇಬ್ಬರೂ ಪೋಸ್ಟರ್ ಮೇಲೆ ಬರುವವರಲ್ಲ. ಒಬ್ಬ ಚೆಂಡು ನಡೆಸುವ ಎದುರಾಳಿ ಗಾರ್ಡ್‌ಗೆ ಉಸಿರಾಡಲು ಬಿಡಲ್ಲ, ಇನ್ನೊಬ್ಬ ಸ್ಕ್ರೀನ್ ಹಾಕಿ ರಿಬೌಂಡ್ ಹಿಡಿಯುತ್ತಾನೆ. 68 ಗೆಲುವು, ಕಪ್.

ಅದೇ ಪಾಲ್ ಜಾರ್ಜ್‌ಗೆ 2024ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ನಾಲ್ಕು ವರ್ಷಕ್ಕೆ 21 ಕೋಟಿ 20 ಲಕ್ಷ ಡಾಲರ್ ಕೊಟ್ಟಿತು. ಎಂಬೀಡ್, ಮ್ಯಾಕ್ಸಿ, ಜಾರ್ಜ್, ಕಪ್ ಗ್ಯಾರಂಟಿ ಅಂದವರು ಎಷ್ಟು ಜನ! ಎಂಬೀಡ್ ಆಡಿದ್ದು 19 ಪಂದ್ಯ. ತಂಡ ಗೆದ್ದದ್ದು 24.

ಪ್ರ: ನಿಮ್ಮ ಕಾಲದಲ್ಲಿ ಮುಂಬೈಯಲ್ಲಿ ಆಟಗಾರರನ್ನು ಹೀಗೆ ಎಳೆದಾಡುತ್ತಿದ್ದರಾ?
– ನಿವೃತ್ತ ಶಿಕ್ಷಕಿ, ಮಾಟುಂಗಾ

ಉ: ಎಳೆಯದೆ ಇರುತ್ತಾರಾ ಮೇಡಂ? ನಮ್ಮಲ್ಲಿ ಡಾಲರ್ ಇರಲಿಲ್ಲ, ನೌಕರಿ ಇತ್ತು. ರೈಲ್ವೆ, ಬ್ಯಾಂಕು, ಕಸ್ಟಮ್ಸ್. ಸ್ಪೋರ್ಟ್ಸ್ ಕೋಟಾದ ಅಪಾಯಿಂಟ್‌ಮೆಂಟ್ ಲೆಟರ್ ಬಂತು ಅಂದರೆ ಹುಡುಗ ಆ ತಂಡಕ್ಕೆ ಹೋದ ಅಂತಲೇ ಅರ್ಥ. ನಾನೂ ಹಾಗೇ ಬ್ಯಾಂಕ್ ಸೇರಿದವನು. ಐದು ಅಡಿ ಎಂಟು ಇಂಚಿನ ಗಾರ್ಡ್, ಪಾಸ್ ಕೊಡುವುದು ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ನಾಗಪಾಡಾದ ಹುಡುಗರಿಗೆ ಎಲ್ಲರೂ ಗಾಳ ಹಾಕುತ್ತಿದ್ದರು. ಆ ಗಲ್ಲಿಗಳಲ್ಲಿ ಮಕ್ಕಳು ಕ್ರಿಕೆಟ್ ಬ್ಯಾಟ್‌ಗಿಂತ ಮೊದಲು ಬಾಸ್ಕೆಟ್‌ಬಾಲ್ ಹಿಡಿಯುತ್ತಾರೆ. ನೀವಿರುವ ಮಾಟುಂಗಾದಲ್ಲಿ ಇಂಡಿಯನ್ ಜಿಮಖಾನಾದ ಕೋರ್ಟ್ ಇದೆ, ಡಾನ್ ಬಾಸ್ಕೊದಲ್ಲಿ ಸೇವಿಯೊ ಕಪ್ ನಡೆಯುತ್ತೆ. ಸಂಜೆ ಒಮ್ಮೆ ಹೋಗಿ ನೋಡಿ.

ಒಂದು ಸಲ ನಮ್ಮ ಸೆಕ್ರೆಟರಿ ಹೊರಗಿನಿಂದ ಆರೂವರೆ ಅಡಿ ಎತ್ತರದವನೊಬ್ಬನನ್ನು ತಂದರು. ಸ್ಟೇಷನ್‌ಗೆ ಹೋಗಿ ಹಾರ ಹಾಕಿದ್ದೂ ಆಯ್ತು. ಅವನು ಕೈಗೆ ಬಂದ ಬಾಲ್ ಯಾರಿಗೂ ಕೊಡುತ್ತಿರಲಿಲ್ಲ. ಅವನಿಗೆ ಜಾಗ ಮಾಡಲು ಕೂರಿಸಿದ ಹುಡುಗ ಎದುರು ತಂಡ ಸೇರಿ ನಮ್ಮ ಮೇಲೇ ಬಾಸ್ಕೆಟ್ ಹಾಕಿದ. ಸೆಕ್ರೆಟರಿ ಅಂಪೈರ್ ಸರಿಯಿಲ್ಲ ಅಂದರು.

ಪ್ರ: ಈ ಬೇಸಿಗೆಯಲ್ಲಿ ಯಾರ ಖರೀದಿ ಚೆನ್ನಾಗಿದೆ? ಒಂದೇ ತಂಡ ಹೇಳಿ.
– ಐಟಿ ಉದ್ಯೋಗಿ, ಪುಣೆ

ಉ: ಡೆನ್ವರ್. ಯೋಕಿಚ್ ಇರುವ ತಂಡಕ್ಕೆ ಇನ್ನೊಬ್ಬ ಸ್ಟಾರ್ ಬೇಕಾಗಿಲ್ಲ, ಅವನು ಬೆಂಚ್ ಮೇಲೆ ಕೂತು ನೀರು ಕುಡಿಯುವ ಹೊತ್ತಿನಲ್ಲಿ ಮನೆ ಕಾಯುವವರು ಬೇಕು. ವಲಂಚೂನಸ್ ಬಂದ, ಹಾರ್ಡವೇ ಬಂದ, ಪೋರ್ಟರ್ ಬದಲು ಕ್ಯಾಮ್ ಜಾನ್ಸನ್ ಬಂದ. ಬ್ರೂಸ್ ಬ್ರೌನ್ ವಾಪಸ್ ಬಂದ. 2023ರಲ್ಲಿ ಕಪ್ ಗೆದ್ದ ತಂಡದಲ್ಲಿ ಅವನಿದ್ದ. ಒಂದೇ ವರ್ಷ ಆಡಿದ್ದರಿಂದ ಮೇಲೆ ಹೇಳಿದ ಬರ್ಡ್ ರೈಟ್ಸ್ ಡೆನ್ವರ್‌ಗೆ ಪೂರ್ತಿ ಸಿಗಲಿಲ್ಲ. ಇಂಡಿಯಾನಾ ಎರಡು ವರ್ಷಕ್ಕೆ ನಾಲ್ಕೂವರೆ ಕೋಟಿ ಡಾಲರ್ ಇಟ್ಟು ಎತ್ತಿಕೊಂಡು ಹೋಯಿತು.

ಪ್ರ: ನಮ್ಮವನೊಬ್ಬನನ್ನು ಎನ್‌ಬಿಎ ತಂಡ ಯಾವಾಗ ಕೊಳ್ಳುತ್ತೆ?
– ಒಂಬತ್ತನೇ ತರಗತಿ, ವಾಶಿ

ಉ: 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ 52ನೇ ಆಯ್ಕೆಯಾಗಿ ತಗೊಂಡಿತ್ತು. ಲೀಗ್ ಪಂದ್ಯ ಆಡುವ ಅವಕಾಶ ಅವನಿಗೆ ಬರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ವರ್ಲಿಯ ಡೋಮ್‌ನಲ್ಲಿ ಸ್ಯಾಕ್ರಮೆಂಟೊ, ಇಂಡಿಯಾನಾ ಎರಡು ಪಂದ್ಯ ಆಡಿದವು. ಸ್ಯಾಕ್ರಮೆಂಟೊ ಮಾಲೀಕ ವಿವೇಕ್ ರಣದಿವೆ ನಮ್ಮ ಮುಂಬೈಯಲ್ಲೇ ಹುಟ್ಟಿದವರು. ಮಾಲೀಕ ಆಗಲು ಮುಂಬೈ ಸಾಕು ಅಂತಾಯ್ತು. ಆಟಗಾರ ಆಗಲು ಎಡಗೈ ಡ್ರಿಬಲ್ ಬೇಕು, ಈಗಲೇ ಶುರು ಮಾಡು.

ಪ್ರ: ಎಲ್ಲರ ತಂಡವನ್ನೂ ಟೀಕಿಸುತ್ತೀರಿ. ನಿಮ್ಮ ತಂಡ ಯಾವುದು, ಅದನ್ನು ಮೊದಲು ಹೇಳಿ.
– ಸಿಟ್ಟಾದ ಫಿಲಡೆಲ್ಫಿಯಾ ಅಭಿಮಾನಿ, ಭಾಂಡುಪ್

ಉ: ಸ್ಯಾನ್ ಆಂಟೋನಿಯೊ ಮಾರಾಯ್ರೆ, ಡಂಕನ್ ಕಾಲದಿಂದ. ಐದು ಕಪ್. ಅದರಲ್ಲಿ ನಾಲ್ಕು ಗೆಲ್ಲಿಸಿದ ಜಿನೋಬಿಲಿ 57ನೇ ಆಯ್ಕೆ. ಈ ಬೇಸಿಗೆಯಲ್ಲಿ ನಮ್ಮವರು ಬಾಸ್ಟನ್‌ನಿಂದ ಲ್ಯೂಕ್ ಕಾರ್ನೆಟ್ ಅನ್ನೋ ಏಳಡಿಯ ಬೆಂಚ್ ಸೆಂಟರ್ ತಂದರು. ವೆಂಬನ್ಯಾಮಾ ಜೊತೆಗೆ ಅಂಥವನೊಬ್ಬ ಬೇಕೇ ಬೇಕಿತ್ತು. ಆದರೆ ಇದೇ ತಿಂಗಳು ಡಿಆರನ್ ಫಾಕ್ಸ್‌ಗೆ ನಾಲ್ಕು ವರ್ಷಕ್ಕೆ ಸುಮಾರು 22 ಕೋಟಿ 90 ಲಕ್ಷ ಡಾಲರ್ ಕೊಟ್ಟಿದ್ದಾರೆ. ಓಟವನ್ನೇ ನಂಬಿದ ಗಾರ್ಡ್‌ಗೆ 30 ದಾಟುವಾಗ ಅಷ್ಟು ದುಡ್ಡು ಜಾಸ್ತಿ ಆಯ್ತು ಅಂತ ನನಗನ್ನಿಸುತ್ತೆ. ಬೈಯುವುದಿದ್ದರೆ ಅದಕ್ಕೆ ಬೈದು ಬರೆಯಿರಿ, ಮುಂದಿನ ತಿಂಗಳು ಹಾಕೋಣ.