ಹಳೇ ಅಮೆರಿಕನ್ ಕಾಮಿಕ್ಸ್‌ನ ಚುಕ್ಕೆ ವಿನ್ಯಾಸ ಟೀ ಶರ್ಟ್ ಮೇಲೆ ಕಲಸಿಹೋಗುವುದೇಕೆ?

ಕಂಪ್ಯೂಟರಿನಲ್ಲಿ ಚೆಂದ ಕಂಡ 1950ರ ದಶಕದ ಕಾಮಿಕ್ಸ್ ಶೈಲಿಯ ಚಿತ್ರ ಸ್ಕ್ರೀನ್ ಪ್ರಿಂಟ್ ಆದಮೇಲೆ ರಾಡಿಯಾಗಿದ್ದರೆ, ಶಾಯಿಯನ್ನು ಬೈಯುವ ಮೊದಲು ಚುಕ್ಕೆಯ ಅಳತೆ ನೋಡಿ.

ಆಗಿನ ಕಾಮಿಕ್ಸ್‌ಗೆ ಅಗ್ಗದ ನ್ಯೂಸ್‌ಪ್ರಿಂಟ್, ನಾಲ್ಕೇ ಶಾಯಿ. ಕಪ್ಪು ಬಿಟ್ಟು ಪ್ರತಿ ಬಣ್ಣಕ್ಕೂ ಸಾಮಾನ್ಯವಾಗಿ ಶೇ 25, 50, 100 ಎಂಬ ಮೂರೇ ಹಂತ, ಅಂದರೆ ಶಾಯಿ ಜಾಗದ ಅಷ್ಟು ಪಾಲನ್ನು ಮುಚ್ಚುತ್ತಿತ್ತು. ಹಾಗಾಗಿ ಗ್ರೇಡಿಯೆಂಟ್ (ಗಾಢದಿಂದ ತಿಳಿಗೆ ನಿಧಾನವಾಗಿ ಜಾರುವ ಬಣ್ಣ) ಬೇಡವೇ ಬೇಡ. ಅದನ್ನು ಹಾಕಿದರೆ ಕಾಮಿಕ್ಸ್ ಹೋಗಿ ಹಳೇ ಪತ್ರಿಕೆಯ ಫೋಟೊ ಆಗುತ್ತದೆ. ಒಂದು ಜಾಗಕ್ಕೆ ಒಂದೇ ಗಾತ್ರದ ಚುಕ್ಕೆ ಇರಲಿ.

ಇಂಚಿಗೆ ಚುಕ್ಕೆಯ 30 ಸಾಲು ಸಾಕು. ಆಗ ಶೇ 25ರ ಚುಕ್ಕೆ ಸುಮಾರು ಅರ್ಧ ಮಿ.ಮೀ. ಬರುತ್ತದೆ, ಬಟ್ಟೆಯ ಮೇಲೆ ನಿಲ್ಲುತ್ತದೆ. ಮೆಶ್, ಅಂದರೆ ಶಾಯಿ ಇಳಿಯುವ ಸ್ಕ್ರೀನಿನ ಜಾಲರಿ, ಈ ಸಾಲಿನ ಸಂಖ್ಯೆಯ ನಾಲ್ಕೈದು ಪಟ್ಟು, ಅಂದರೆ ಇಂಚಿಗೆ 120ರಿಂದ 150 ಎಳೆ. ಕೊಳ್ಳುವಾಗ ಲೆಕ್ಕ ಇಂಚಿನದೋ ಸೆಂಟಿಮೀಟರಿನದೋ ಕೇಳಿ. ಇಂಚಿನ 120 ಸೆಂಟಿಮೀಟರಿಗೆ ಬರೀ 47. ಎಡವುವುದು ಇಲ್ಲೇ.

ಚುಕ್ಕೆಯ ಸಾಲು ಮೆಶ್ ಎಳೆಗೆ ಸಮಾನಾಂತರವಾದರೆ ಅಲೆಅಲೆಯ ಪಟ್ಟೆ ಮೂಡುತ್ತದೆ. ಒಂದೇ ಬಣ್ಣಕ್ಕೆ ಚುಕ್ಕೆ ಹಾಕುವುದಾದರೆ 22.5 ಡಿಗ್ರಿ ಓರೆ ಮಾಡಿ. ಸ್ಕ್ವೀಜಿಯನ್ನು (ಶಾಯಿ ಎಳೆಯುವ ರಬ್ಬರ್ ಪಟ್ಟಿ) ಒತ್ತಿ ಎರಡೆರಡು ಸಲ ಎಳೆದರೆ ಚುಕ್ಕೆ ಉಬ್ಬಿ ಅಕ್ಕಪಕ್ಕದ್ದಕ್ಕೆ ಅಂಟುತ್ತದೆ.

ಹಳೆಯತನಕ್ಕೆ ಬಿರುಕಿನ ಟೆಕ್ಸ್ಚರ್ ಮೆತ್ತುವವರೇ ಹೆಚ್ಚು. ಅದರ ಬದಲು ಕೆಂಪು ಪದರವೊಂದನ್ನೇ ಅರ್ಧ ಮಿ.ಮೀ. ಪಕ್ಕಕ್ಕೆ ಸರಿಸಿ, ಅಚ್ಚ ಬಿಳಿಯ ಬದಲು ಕೆನೆಬಣ್ಣದ ಶರ್ಟ್ ತೆಗೆದುಕೊಳ್ಳಿ.