ಬಸುರಿ ಇರುವ ಮನೆಗೆ ಹೊಗೆ, ಮದ್ದು ತಾಗದಂತೆ

ಪ್ರಶ್ನೆ: ಮದುವೆಯಾಗಿ ಈ ಊರಿಗೆ ಬಂದೆ, ಈಗ ಮೂರು ತಿಂಗಳು. ಗುಡ್ಡದಾಚೆ ಹಳೆಯ ಗೇರು ತೋಟ ಇದೆ, ಕುಡಿಯುವುದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಆ ತೋಟಗಳಿಗೆ ಹಿಂದೆ ಬಿಡುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್ ನನ್ನ ಮಗುವಿಗೂ ತಾಗೀತೇ? ನೀರು ಕುದಿಸಿದರೆ ಸಾಕೇ?
– ಓದುಗರೊಬ್ಬರು, ಪೆರ್ಲ

ಉತ್ತರ: ಆ ಮದ್ದಿನಿಂದ ನಿಮ್ಮ ಸುತ್ತಿನ ಊರುಗಳು ಕಂಡ ಸಂಕಟವನ್ನು ನೆನೆದರೆ ಹೆದರಿಕೆಯಾಗುವುದು ಸಹಜವೇ. ಆದರೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಬಿಡುವುದು 2000ಕ್ಕೇ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. ಡಿಡಿಟಿಯ ಹಾಗೆ ಇದು ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುವ ಜಾತಿಯದ್ದೂ ಅಲ್ಲ. ವರ್ಷ ವರ್ಷ ಅದನ್ನೇ ಉಸಿರಾಡಿ, ಅದೇ ನೀರು ಕುಡಿದ ಅಂದಿನ ಬಸುರಿಯರ ಸ್ಥಿತಿ ಬೇರೆ, ನಿಮ್ಮದು ಬೇರೆ.

ಕುದಿಸಿದರೆ ರೋಗಾಣು ಸಾಯುತ್ತದೆ, ಅದಕ್ಕಾಗಿ ಕುದಿಸಲೇಬೇಕು. ಕೀಟನಾಶಕ, ಗೊಬ್ಬರದಿಂದ ನೀರಿಗೆ ಇಳಿಯುವ ನೈಟ್ರೇಟ್ ಮಾತ್ರ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ನೈಟ್ರೇಟಿನ ಪ್ರಮಾಣ ಹೆಚ್ಚುತ್ತದೆ. ಸುರಂಗದ ಮೇಲಿನ ಗುಡ್ಡದಲ್ಲಿ ಈಗ ಯಾರು ಏನು ಸಿಂಪಡಿಸುತ್ತಾರೆ ಎಂದು ವಿಚಾರಿಸಿ. ಮದ್ದಿನ ಹಳೆಯ ಡಬ್ಬಿಯಲ್ಲಿ, ಎಷ್ಟು ತೊಳೆದಿದ್ದರೂ, ನೀರು ತುಂಬಬೇಡಿ. 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ.

ನೀವು ಕೇಳದ ಒಂದು ವಿಷಯ ಹೇಳಬೇಕು: ಬಚ್ಚಲಿನ ಹಂಡೆಯ ಒಲೆ. ನಮ್ಮ ಕಡೆ ಹೊಟ್ಟೆಯಲ್ಲಿರುವ ಮಗುವಿಗೆ ದಿನಾ ತಾಗುವ ವಿಷ ಇದೇ. ಒದ್ದೆ ಮಡಲು, ಸೋಗೆ ಹೊಗೆಯಾಡುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ತಾಯಿಯ ರಕ್ತದಿಂದ ಬೇಗ ಬಿಟ್ಟುಹೋದರೂ ಮಗುವಿನ ರಕ್ತದಿಂದ ಬಿಡುವುದು ನಿಧಾನ. ಹೊಗೆಯ ಸಣ್ಣ ಕಣಗಳಿಂದ ಮಗುವಿಗೆ ಆಹಾರ ಒದಗಿಸುವ ಮಾಸಿಗೂ (ಪ್ಲಾಸೆಂಟಾ) ತೊಂದರೆ. ಇವೆರಡೂ ಸೇರಿ ಎರಡೂವರೆ ಕಿಲೋ ತೂಗದ ಮಗು, 37 ವಾರ ತುಂಬುವ ಮೊದಲೇ ಹೆರಿಗೆ ಆಗುವ ಸಂಭವ ಹೆಚ್ಚಾಗುತ್ತದೆ. ಅಂಥ ಕೂಸಿಗೆ ಮೈ ಬೇಗ ತಣ್ಣಗಾಗುತ್ತದೆ, ಮೊಲೆ ಚೀಪಲು ಶಕ್ತಿ ಸಾಲುವುದಿಲ್ಲ, ಸೋಂಕು ಬೇಗ ತಾಗುತ್ತದೆ.

ಬೆಂಕಿ ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಹರಿದ ಪೈಪಿನ ತುಂಡು ತುರುಕುವ ಅಭ್ಯಾಸ ಎಷ್ಟು ಮನೆಗಳಲ್ಲಿಲ್ಲ! ಪೈಪಿನ ಪ್ಲಾಸ್ಟಿಕ್ಕಾದ ಪಿವಿಸಿ ಉರಿದರೆ ಡಯಾಕ್ಸಿನ್ ಎಂಬ ವಿಷ ಬರುತ್ತದೆ. ಒಣ ಕರಟದ ಎರಡು ಚೂರಿನಿಂದ ಒಲೆ ಹೊತ್ತಿಸಿ, ಒಣ ಸೌದೆ ಇಡಿ, ಹೊಗೆಗೂಡಿನ ಮಸಿ ಕೆರೆಸಿ. ಒಲೆಯ ಮುಂದೆ ಕೂತು ಊದುವ ಕೆಲಸ ಬೇರೆಯವರು ಮಾಡಲಿ.

ಪ್ರಶ್ನೆ: ನಮ್ಮವರು ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುತ್ತಾರೆ. ಅವರ ಬಟ್ಟೆ ನಾನೇ ಒಗೆಯುವುದು. ಐದು ತಿಂಗಳಾಯಿತು, ಒಗೆಯಬಹುದೇ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಬೇಡ. ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕೂಡಿಸಿದ ಶಿಲೀಂಧ್ರನಾಶಕ ಬೋರ್ಡೋ ಮಾತ್ರವಾದರೆ ಅಪಾಯ ಕಡಿಮೆ. ಅದೂ ಸರಿಯಾಗಿ ಕೂಡಿದ್ದರೆ: ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಜ್ಜಿದ ಕತ್ತಿ ಅದ್ದಿ ನೋಡಿ. ಅಲಗಿಗೆ ಕೆಂಪು ಹಿಡಿದರೆ ಬಿಡಿ ತಾಮ್ರ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ. ಆ ಬಿಡಿ ತಾಮ್ರವೇ ಹಿಂಗಾರವನ್ನೂ ಕಣ್ಣು, ಚರ್ಮವನ್ನೂ ಸುಡುವುದು.

ಕೀಟನಾಶಕ, ಕಳೆನಾಶಕದ ಲೆಕ್ಕ ಬೇರೆ. ಅವು ಒದ್ದೆ ಹತ್ತಿಬಟ್ಟೆ ದಾಟಿ ಚರ್ಮಕ್ಕೆ ಇಳಿಯುತ್ತವೆ. ಅವರು ಬಟ್ಟೆಯನ್ನು ಅಂಗಳದಲ್ಲೇ ಬಿಚ್ಚಿ, ಮಿಂದು ಒಳಗೆ ಬರಲಿ. ಬಟ್ಟೆಗೆ ಬೇರೆ ಬಾಲ್ದಿ ಇರಲಿ. ಮೊದಲು ಬರಿ ನೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು, ಸೋಪಿನಲ್ಲಿ ಎರಡು ಸಲ ಅವರೇ ಒಗೆಯಲಿ. ಆ ನೀರು ಬಾವಿಯ ಕಡೆ ಹರಿಯಬಾರದು. ತೋಟದ ಚಪ್ಪಲಿ ಹೊರಗೇ ಇರಲಿ.

ಪ್ರಶ್ನೆ: ಮಿಂದ ಕೂಸಿಗೆ ಅಜ್ಜಿ ಸಾಂಬ್ರಾಣಿ ಹೊಗೆ ಕೊಡುತ್ತಾರೆ. ಸೊಳ್ಳೆಗೆ ಕಾಯಿಲ್ ಹಚ್ಚುತ್ತೇವೆ. ತಪ್ಪೇ? ಎದೆಹಾಲಿನಲ್ಲೂ ವಿಷ ಇರುತ್ತದೆ ಎಂದು ಯಾರೋ ಹೇಳಿದರು.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಎರಡೂ ಬೇಡ. ಕೂಸಿನ ಉಸಿರುನಾಳ ಬಹಳ ಕಿರಿದು, ಸ್ವಲ್ಪ ಊದಿಕೊಂಡರೂ ಉಸಿರು ಕಟ್ಟುತ್ತದೆ. ಮುಚ್ಚಿದ ಬಾಣಂತಿ ಕೋಣೆಯಲ್ಲಿ ಹೊಗೆ ಹೋಗಲು ದಾರಿಯೂ ಇಲ್ಲ. ತಲೆ ಒರೆಸಲು ಒಣ ಬೈರಾಸು, ಸೊಳ್ಳೆಗೆ ಪರದೆ ಸಾಕು. ಅಜ್ಜಿಗೆ ಬೇಸರವಾದರೆ ಧೂಪವನ್ನು ದೇವರ ಕೋಣೆಯಲ್ಲಿ ಹಾಕಲಿ.

ಎದೆಹಾಲು ನಿಲ್ಲಿಸಬೇಡಿ. ಅದರಲ್ಲಿ ಮದ್ದಿನ ಅಂಶ ಇರಬಹುದಾದರೂ ಹಾಲು ತಪ್ಪಿಸಿದರೆ ಆಗುವ ನಷ್ಟವೇ ದೊಡ್ಡದು. ಮೊದಲ ಆರು ತಿಂಗಳು ಬೇರೇನೂ ಬೇಡ. ನಿಮ್ಮ ಊಟಕ್ಕೆ ಬೂತಾಯಿ, ಬಂಗುಡೆ ಧಾರಾಳ ಆಗಬಹುದು. ಶಾರ್ಕಿನಂಥ ದೊಡ್ಡ ಮೀನಿನಲ್ಲಿ ಪಾದರಸ ಶೇಖರವಾಗುತ್ತದೆ, ಅದನ್ನು ಬಿಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ತಪ್ಪಿಸಬೇಡಿ, ಕಬ್ಬಿಣದ ಮಾತ್ರೆಯ ಜೊತೆಗೆ ಮಾತ್ರ ಬೇಡ. ಕ್ಯಾಲ್ಸಿಯಂ ಕಡಿಮೆಯಾದರೆ ಎಲುಬು ಕರಗುತ್ತದೆ, ಅಲ್ಲಿ ಹಿಂದೆಂದೋ ಸೇರಿದ ಸೀಸವೂ ರಕ್ತಕ್ಕೆ ಇಳಿಯುತ್ತದೆ.